ಖರ್ಚಿನ ಆ್ಯಪ್ ಹಾಕಿಕೊಂಡರೂ 25ಕ್ಕೆಲ್ಲ ದುಡ್ಡು ಖಾಲಿ. ಎಲ್ಲಿ ತಪ್ಪುತ್ತಿದ್ದೇನೆ?

ಅರಸೀಕೆರೆ_ಹುಡುಗ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಮಷಿನ್ ಮೇಲೆ ಕೆಲಸ ಮಾಡುತ್ತೇನೆ. ಕೈಗೆ ಬರುವುದು 34,000. ಪಿಜಿಗೆ 8,500, ಊರಿಗೆ ಅಪ್ಪನಿಗೆ 9,000, ಬೈಕಿನ ಕಂತು 3,850, ಚೀಟಿಗೆ 3,000. ಉಳಿಯುವ 9,650ರಲ್ಲಿ ತಿಂಗಳು ತಳ್ಳಬೇಕು. ಸಂಬಳ 7ಕ್ಕೆ ಬಂದರೆ 25ಕ್ಕೆಲ್ಲ ಕೈ ಬರಿದು.

ಮೂರು ತಿಂಗಳ ಹಿಂದೆ ಬ್ಯಾಂಕಿನ ಎಸ್ಎಂಎಸ್ ಓದಿ ತಾನೇ ಲೆಕ್ಕ ಬರೆಯುವ ಆ್ಯಪ್ ಹಾಕಿಕೊಂಡೆ. ಬಣ್ಣದ ಚಕ್ರ ಚೆನ್ನಾಗಿ ಬರುತ್ತದೆ. ಆದರೆ ಅದರಲ್ಲಿ ಅರ್ಧಕ್ಕರ್ಧ ‘ಇತರೆ’. ಟೀ ಅಂಗಡಿಯ ಕ್ಯೂಆರ್ ಇರುವುದು ಅಂಗಡಿಯವರ ಹೆಂಡತಿ ಹೆಸರಲ್ಲಿ. ಅದು ಟೀ ದುಡ್ಡೋ, ಯಾರಿಗೋ ಕೊಟ್ಟ ಕೈಸಾಲವೋ ಆ್ಯಪ್‌ಗೆ ಹೇಗೆ ಗೊತ್ತಾಗಬೇಕು? ಚೀಟಿಯನ್ನೂ ಖರ್ಚಿಗೇ ಸೇರಿಸಿದೆ.

ಹೋದ ತಿಂಗಳು 5ಕ್ಕೆ ಕಂತು ಹೋಗಬೇಕಿತ್ತು. ಖಾತೆಯಲ್ಲಿ ಇದ್ದದ್ದು 2,100. ಬೌನ್ಸ್ ಆಯಿತು. ಬ್ಯಾಂಕಿನವರು 590 ಹಿಡಿದರು, ಸಾಲ ಕೊಟ್ಟವರು ಬೇರೆ ದಂಡ ಹಾಕಿದರು. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ವರ್ಷಕ್ಕೆ ದುಡ್ಡು ಕಟ್ಟುವ ಒಳ್ಳೆಯ ಆ್ಯಪ್ ತಗೊಂಡರೆ ಸರಿಹೋಗುತ್ತಾ?

ಲೆಕ್ಕದ_ಪುಸ್ತಕ

ತಮ್ಮಾ, ದುಡ್ಡು ಕೊಟ್ಟು ತಗೊಳ್ಳುವ ಮೊದಲು ಒಂದು ಮಾತು. ನೀವು ಯುಪಿಐ ಲೈಟ್ ಬಳಸ್ತೀರಾ? ಅದರಲ್ಲಿ 5,000ದವರೆಗೆ ತುಂಬಿಟ್ಟು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತುಂಬಿದ್ದು ಮಾತ್ರ ಕಾಣುತ್ತದೆ. ಟೀ, ಬನ್, ಆಟೋ ಅಂತ ಒಂದೊಂದೂ ಬರುವುದಿಲ್ಲ. ಎಸ್ಎಂಎಸ್ ನಂಬಿದ ಆ್ಯಪ್‌ಗೆ ಅದೆಲ್ಲ ಕಾಣುವುದೇ ಇಲ್ಲ. ನಗದು ಕೊಟ್ಟದ್ದೂ ಅಷ್ಟೇ.

ನಾನು ಹದಿನಾಲ್ಕು ವರ್ಷ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆದವಳು. ನನ್ನ ಅನುಭವ ಹೇಳ್ತೀನಿ. ಖರ್ಚಾದ ಮೇಲೆ ಬರೆಯುವುದು ಒಂದು ಕೆಲಸ. ಖರ್ಚಿಗೆ ಮೊದಲೇ ದುಡ್ಡು ಪಾಲು ಮಾಡುವುದು ಇನ್ನೊಂದು ಕೆಲಸ. ನಿಮ್ಮ ಆ್ಯಪ್ ಮೊದಲನೆಯದನ್ನು ಮಾತ್ರ ಮಾಡುತ್ತಿದೆ. ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ಹಾಲಿನ ದುಡ್ಡು, ಜೀರಿಗೆ ಡಬ್ಬಿಯಲ್ಲಿ ಶಾಲೆ ಫೀಸು ಇಡುತ್ತಿದ್ದರು. ಒಂದು ಡಬ್ಬಿ ಖಾಲಿಯಾದರೆ ಇನ್ನೊಂದಕ್ಕೆ ಕೈ ಹಾಕುತ್ತಿರಲಿಲ್ಲ. ಗುಡ್‌ಬಜೆಟ್, ವೈನ್ಯಾಬ್ ತರಹದ ಆ್ಯಪ್‌ಗಳು ಫೋನಿನಲ್ಲಿ ಮಾಡುವುದು ಇದನ್ನೇ.

ನೀವು ಇನ್ನೊಂದು ಖಾತೆ ತೆರೆಯಿರಿ, ಮಿನಿಮಮ್ ಬ್ಯಾಲೆನ್ಸ್ ಬೇಡದ್ದು. ಸಂಬಳ ಬೀಳುವ ಖಾತೆಯನ್ನು ಯುಪಿಐಯಿಂದ ತೆಗೆದುಬಿಡಿ. ಕಂತು, ಚೀಟಿ, ಪಿಜಿ, ಅಪ್ಪನ ದುಡ್ಡು ಅಲ್ಲಿಂದಲೇ ಹೋಗಲಿ. 1,500ನ್ನು ಅಲ್ಲೇ ಬಿಡಿ. ಬೈಕಿನ ಇನ್ಶೂರೆನ್ಸ್, ಗೌರಿ ಹಬ್ಬದ ಬಸ್ ಚಾರ್ಜು, ತಂಗಿಗೆ ಸೀರೆ, ಇವೆಲ್ಲ ಬರುತ್ತವೆ ಅಂತ ಗೊತ್ತಿದ್ದೂ ಬಂದಾಗ ಗಾಬರಿಯಾಗುತ್ತೇವೆ, ಅಲ್ವಾ? ಉಳಿದದ್ದು 8,150. ಪ್ರತಿ ಸೋಮವಾರ 1,800 ಮಾತ್ರ ಖರ್ಚಿನ ಖಾತೆಗೆ ಹಾಕಿಕೊಳ್ಳಿ. ತಿಂಗಳಿಗೆ ನಾಲ್ಕೇ ವಾರ ಅಂತ 2,000 ಇಟ್ಟುಕೊಳ್ಳಬೇಡಿ. ಕೊನೆಯ ಎರಡು-ಮೂರು ದಿನವೇ ನಿಮ್ಮನ್ನು ಬೀಳಿಸುತ್ತಿರುವುದು.

ಕಂತಿನ ತಾರೀಖನ್ನು 10ಕ್ಕೆ ಬದಲಿಸಿ ಅಂತ ಸಾಲ ಕೊಟ್ಟವರಿಗೆ ಒಂದು ಅರ್ಜಿ ಕೊಟ್ಟು ನೋಡಿ. ಕೇಳಿದರೆ ಎಷ್ಟೋ ಕಡೆ ಮಾಡಿಕೊಡುತ್ತಾರೆ.

ತುಂಗಾತೀರ

ಅಕ್ಕ ಹೇಳಿದ್ದು ಸರಿ. ನಾನು ಅನುಮತಿ ವಿಷಯ ಮಾತ್ರ ಹೇಳುತ್ತೇನೆ. ಎಸ್ಎಂಎಸ್ ಓದಲು ಬಿಟ್ಟರೆ ಆ್ಯಪ್ ಓಟಿಪಿಯನ್ನೂ ಓದಬಹುದು. ಸಂಬಳ ಎಷ್ಟು, ಯಾವಾಗ ಖಾಲಿ ಅಂತ ತಿಳಿದ ಮೇಲೆ ಸರಿಯಾಗಿ ಅದೇ ಹೊತ್ತಿಗೆ ‘ತಕ್ಷಣ ಸಾಲ’ ಅಂತ ತೋರಿಸುವ ಆ್ಯಪ್‌ಗಳನ್ನು ನಾನೇ ನೋಡಿದ್ದೇನೆ. ದಯವಿಟ್ಟು ಅದನ್ನು ಒತ್ತಬೇಡಿ.

ತಾನಾಗಿಯೇ ಲೆಕ್ಕ ಬರಬೇಕು ಅನ್ನುವವರಿಗೆ ಅಕೌಂಟ್ ಅಗ್ರಿಗೇಟರ್ ದಾರಿ ವಾಸಿ, ಅಂದರೆ ನೀವು ಒಪ್ಪಿದ ಮೇಲೆ ನಿಮ್ಮ ಖಾತೆಯ ವಿವರವನ್ನು ಬ್ಯಾಂಕಿನಿಂದ ಆ್ಯಪ್‌ಗೆ ತಲುಪಿಸುವ ಸಂಸ್ಥೆ. 2021ರಿಂದ ನಡೆಯುತ್ತಿದೆ, ಅವರಿಗೆ ಆರ್‌ಬಿಐ ಪರವಾನಗಿ ಬೇಕು. ಯಾವ ಖಾತೆ, ಎಷ್ಟು ದಿನ, ಯಾತಕ್ಕೆ ಅಂತ ಕೇಳಿ ಒಪ್ಪಿಗೆ ಪಡೆಯುತ್ತಾರೆ. ಬೇಡ ಅನಿಸಿದರೆ ಆ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು.

ಯಾವ ಆ್ಯಪ್ ಆದರೂ ತಿಂಗಳಿಗೊಮ್ಮೆ ಎಕ್ಸೆಲ್ ಪ್ರತಿ ತೆಗೆದಿಡಿ. ಅಮೆರಿಕದಲ್ಲಿ ಅಷ್ಟು ಜನ ಬಳಸುತ್ತಿದ್ದ ಮಿಂಟ್ ಆ್ಯಪ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ನ್ಯೂಜೆರ್ಸಿಯಲ್ಲಿರುವ ನನ್ನ ಅಣ್ಣನ ಹತ್ತು ವರ್ಷದ ಲೆಕ್ಕ ಅದರಲ್ಲೇ ಇತ್ತು. ಕೊನೆ ವಾರ ಕೂತು ಎಲ್ಲ ಇಳಿಸಿಕೊಂಡ.

ಅರಸೀಕೆರೆ_ಹುಡುಗ

ಐದು ವಾರ ಆಯಿತು. ಹಳೆ ಆ್ಯಪ್ ತೆಗೆದೆ. ಈಗ ಉಚಿತವಾಗಿ ಸಿಗುವ, ಕೈಯಾರೆ ಬರೆಯುವ ಆ್ಯಪ್ ಇದೆ. ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುವಾಗ ಬರೆಯುತ್ತೇನೆ, ಎರಡು ನಿಮಿಷ ಸಾಕು. ಮೊದಲ ವಾರವೇ ಗೊತ್ತಾಯಿತು, ರಾತ್ರಿ ಪಾಳಿಯ ದಿನ ಹೊರಗೆ ತಿನ್ನುವುದಕ್ಕೇ 140, 160 ಹೋಗುತ್ತಿತ್ತು. ಪಿಜಿ ಅಡುಗೆಯವರನ್ನು ಕೇಳಿದೆ, ಚಪಾತಿ ಕಟ್ಟಿಕೊಡುತ್ತಾರೆ. ಕಂತು 10ಕ್ಕೆ ಬದಲಾಯಿತು. ಈ ಸಲ ಸಂಬಳದ ಹಿಂದಿನ ದಿನ ಖರ್ಚಿನ ಖಾತೆಯಲ್ಲಿ 310 ಇತ್ತು. ಅಕ್ಕಾ, ನಿಮಗೆ ತುಂಬಾ ಥ್ಯಾಂಕ್ಸ್.

ಇನ್ನೊಂದು ಅನುಮಾನ. ಮುಂದಿನ ತಿಂಗಳು ಚೀಟಿ ಎತ್ತಬೇಕು ಅಂತಿದ್ದೇನೆ. ಆ ದುಡ್ಡನ್ನು ಆದಾಯ ಅಂತ ಬರೆಯಲಾ?

ಲೆಕ್ಕದ_ಪುಸ್ತಕ

ಬೇಡ. ಇಲ್ಲಿಯವರೆಗೆ ಕಟ್ಟಿದಷ್ಟು ನಿಮ್ಮದೇ ಉಳಿತಾಯ. ಅದಕ್ಕಿಂತ ಜಾಸ್ತಿ ಬಂದದ್ದು ಸಾಲ, ಯಾಕಂದರೆ ಚೀಟಿ ಮುಗಿಯುವವರೆಗೂ ಕಂತು ಕಟ್ಟಲೇಬೇಕು. ಎರಡು ಸಾಲು ಮಾಡಿ ಬರೆಯಿರಿ. ಯಾವ ಖರ್ಚಿಗೆ ಎತ್ತುತ್ತಿದ್ದೀರಿ, ಇನ್ನೂ ಎಷ್ಟು ಕಂತು ಬಾಕಿ ಇದೆ ಅಂತ ಇಲ್ಲಿ ಹಾಕಿ, ಲೆಕ್ಕ ಹಾಕಿ ನೋಡೋಣ.