ಗೋಲೆಮ್‌ನ ಹಣೆಯ ಅಕ್ಷರವನ್ನು ಕನ್ನಡದಲ್ಲಿ ಹೇಗೆ ಅಳಿಸುವುದು?

ಬಾಯಾರು ಗುಡ್ಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಊರು ಬಾಯಾರು. ಪೈವಳಿಕೆಯಲ್ಲಿ ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಎರಡು ವರ್ಷದಿಂದ ಒಂದು ಡಾರ್ಕ್ ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಕತೆ ನಡೆಯುವುದು ಹಂಗೇರಿಯ ತಿಸಾ ನದಿಯ ದಡದಲ್ಲಿ, 1882ರಲ್ಲಿ. ಆರನೇ ಅಧ್ಯಾಯಕ್ಕೆ ಬಂದು ಕೈ ನಿಂತಿದೆ.

ಹಿನ್ನೆಲೆ ನಿಜವಾಗಿ ನಡೆದದ್ದು. ಆ ವರ್ಷ ಏಪ್ರಿಲ್ 1ರಂದು ತಿಸಾಎಸ್ಲಾರ್ ಎಂಬ ಹಳ್ಳಿಯಲ್ಲಿ ಎಸ್ತೆರ್ ಎಂಬ 14 ವರ್ಷದ ಹುಡುಗಿ ಕಾಣೆಯಾದಳು. ಮನೆಕೆಲಸದವಳು. ಬಣ್ಣ ತರಲು ಅಂಗಡಿಗೆ ಹೋದವಳು ವಾಪಸ್ ಬರಲಿಲ್ಲ. ಯಹೂದಿಗಳ ಪಾಸೋವರ್ ಹಬ್ಬ ಹತ್ತಿರ ಇತ್ತು. ಹಬ್ಬದ ರೊಟ್ಟಿಗೆ ರಕ್ತ ಬೇಕೆಂದು ಅವರೇ ಕೊಂದರು ಅಂತ ಸುದ್ದಿ ಹಬ್ಬಿತು. ಯುರೋಪಿನಲ್ಲಿ ನೂರಾರು ವರ್ಷದಿಂದ ತಿರುಗುತ್ತಿದ್ದ ಸುಳ್ಳು ಅದು. ಮಾಂಸಕ್ಕೆ ಉಪ್ಪು ಹಚ್ಚಿ, ರಕ್ತ ಪೂರ್ತಿ ಇಳಿಸಿ ಆಮೇಲೆ ಬೇಯಿಸುವ ಜನರ ಮೇಲೆ ಈ ಮಾತು! ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗಿನ ಚಾಕರಿಯವನ ಮಗ ಮೋರಿತ್ಸ್ ಇನ್ನೂ ಹುಡುಗ. ಅವನನ್ನು ಮನೆಯವರಿಂದ ದೂರ ಇಟ್ಟು, ಬೀಗದ ಕಿಂಡಿಯಿಂದ ಕೊಲೆ ನೋಡಿದೆ ಅಂತ ಹೇಳಿಸಿದರು. ಅಪ್ಪನ ವಿರುದ್ಧವೇ. ಜೂನ್‌ನಲ್ಲಿ ಮರದ ತೆಪ್ಪದವರಿಗೆ ನದಿಯಲ್ಲಿ ಹೆಣ ಸಿಕ್ಕಿತು. ಕುತ್ತಿಗೆಯಲ್ಲಿ ಗಾಯ ಇರಲಿಲ್ಲ. ಅವಳದ್ದಲ್ಲ ಅಂದರು. ಮರುವರ್ಷ ಕೋರ್ಟಿನವರು ಜಾಗಕ್ಕೇ ಹೋಗಿ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರು. ಹುಡುಗ ಹೇಳಿದ್ದು ಅಲ್ಲಿಂದ ಕಾಣುವಂತೆಯೇ ಇರಲಿಲ್ಲ. 1883ರ ಆಗಸ್ಟ್ 3ರಂದು ಎಲ್ಲರ ಬಿಡುಗಡೆಯಾಯಿತು. ಆಮೇಲೂ ಊರೂರಲ್ಲಿ ಯಹೂದಿಗಳ ಮೇಲೆ ಗಲಭೆ ಆಯಿತು.

ಇದರೊಳಗೆ ನಾನು ಹಾಕಿದ್ದು ಒಬ್ಬ ಯಹೂದಿ ಅಜ್ಜಿಯನ್ನು. ಅವಳು ನದಿಯ ಜೇಡಿಮಣ್ಣಿನಿಂದ ಗೋಲೆಮ್ ಮಾಡುತ್ತಾಳೆ. ಯಹೂದಿ ಕತೆಗಳಲ್ಲಿ ಬರುವ, ಜೀವ ತುಂಬಿದ ಮಣ್ಣಿನ ಮನುಷ್ಯ ಅದು. ನನ್ನ ಅಪ್ಪ ಸುರಂಗ ತೋಡುತ್ತಿದ್ದವರು. ಮುರಕಲ್ಲು ದಾಟಿ ಗುಡ್ಡದ ಹೊಟ್ಟೆಯಲ್ಲಿ ಮೆತ್ತಗಿನ ಮಣ್ಣು ಸಿಕ್ಕಿದರೆ ಅದನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ, ನೀರು ಹತ್ತಿರ ಇದೆಯಾ ಇಲ್ಲವಾ ಹೇಳುತ್ತಿದ್ದರು. ಮೊಂಬತ್ತಿ ಉರಿಯುವಷ್ಟು ಹೊತ್ತು ಮಾತ್ರ ಒಳಗೆ. ಬತ್ತಿ ಮಂಕಾದರೆ ಹೊರಗೆ ಬರಬೇಕು. ಅಜ್ಜಿಯ ಕೈ ಬರೆಯುವಾಗ ನನಗೆ ಅಪ್ಪನ ಕೈಯೇ ಕಾಣುತ್ತದೆ.

ಈಗ ತೊಂದರೆ. ಗೋಲೆಮ್‌ನ ಹಣೆಯಲ್ಲಿ ಹೀಬ್ರೂವಿನಲ್ಲಿ ‘ಎಮೆತ್’ ಅಂತ ಬರೆಯುತ್ತಾರೆ. ಸತ್ಯ ಅಂತ ಅರ್ಥ. ಮೊದಲ ಅಕ್ಷರ ಆಲೆಫ್ ಅಳಿಸಿದರೆ ‘ಮೆತ್’ ಉಳಿಯುತ್ತದೆ, ಸತ್ತ ಅಂತ. ಅಲ್ಲಿಗೆ ಅದು ಮಣ್ಣು. ಇದನ್ನು ಕನ್ನಡದಲ್ಲಿ ವಿವರಿಸಲು ಹೋದರೆ ಪಾಠ ಮಾಡಿದಂತೆ ಆಗುತ್ತದೆ. ಏನು ಮಾಡಲಿ?

ಮತ್ತೆ ದಿಬ್ಬುಕ್. ಸತ್ತವರ ಆತ್ಮ ಬದುಕಿದವರೊಳಗೆ ಸೇರುವುದು. ಇದಕ್ಕೆ ನಮ್ಮ ತುಳುವಿನ ‘ಕುಲೆ’ ಅಂತ ಬರೆದರೆ ಓದುವವರಿಗೆ ಥಟ್ಟನೆ ಗೊತ್ತಾಗುತ್ತದೆ. ಬರೆಯಬಹುದಾ?

ನಿಜವಾದ ಹೆದರಿಕೆ ಬೇರೆಯೇ. ಗೋಲೆಮ್ ಕೋರ್ಟಿಗೆ ಬರುವಂತೆ ಬರೆದಿದ್ದೇನೆ. ಮಾತು ಕಲಿಸಿಕೊಟ್ಟ ಹುಡುಗ ಒಂದು ಕಡೆ, ಮಾತೇ ಬಾರದ ಮಣ್ಣಿನ ಸಾಕ್ಷಿ ಇನ್ನೊಂದು ಕಡೆ. ದೃಶ್ಯ ಚೆನ್ನಾಗಿದೆ. ಆದರೆ ಯಹೂದಿಗಳು ಮಾಟ ಮಾಡುತ್ತಾರೆ ಅಂತ ಊರೇ ಕೂಗುವಾಗ, ನನ್ನ ಕತೆಯಲ್ಲಿ ಅವರು ನಿಜವಾಗಿ ಮಾಟ ಮಾಡಿದ ಹಾಗೆ ಆಯಿತಲ್ಲ? ಇದು ರಾತ್ರಿ ನಿದ್ದೆ ಕೊಡುತ್ತಿಲ್ಲ.

ಬದಿಯಡ್ಕದ ಬೋರ್ಡು ಬರೆಯುವವ

ಅಕ್ಕ, ನಾನು ಅಕ್ಷರದ ಬಗ್ಗೆ ಮಾತ್ರ ಹೇಳುತ್ತೇನೆ. 22 ವರ್ಷ ಬ್ರಷ್ ಹಿಡಿದಿದ್ದೇನೆ.

ಸತ್ಯ ಅಂತ ಬರೆಯಿರಿ. ಕೆಳಗಿನ ಯ ಒತ್ತು ಒರೆಸಿ, ಅಲ್ಲಿ ತ ಒತ್ತು ಹಾಕಿ. ಸತ್ತ. ಮೇಲಿನ ಎರಡು ಅಕ್ಷರ ಅಲ್ಲಾಡುವುದಿಲ್ಲ.

ಆದರೆ ಒಂದು ವ್ಯತ್ಯಾಸ ನೋಡಿ. ಹೀಬ್ರೂವಿನಲ್ಲಿ ಕೊಲ್ಲಲು ಅಳಿಸಿದರೆ ಸಾಕು. ಕನ್ನಡದಲ್ಲಿ ಅಳಿಸಿದ ಮೇಲೆ ಬರೆಯಲೂ ಬೇಕು. ಹಸಿ ಮಣ್ಣಿನಲ್ಲಿ ಹೆಬ್ಬೆರಳಿಂದ ಒರೆಸುವುದು ಒಂದು ಕ್ಷಣ. ಉಗುರಿನಿಂದ ಒತ್ತು ಕೊರೆಯುವುದಕ್ಕೆ ಕೈ ಗಟ್ಟಿ ಬೇಕು. ಹಾಗಾಗಿ ಅಜ್ಜಿಯ ಹಣೆಬರಹ ಹೀಬ್ರೂವಿನಲ್ಲೇ ಇರಲಿ, ತಿಸಾ ದಡದ ಅಜ್ಜಿ ಕನ್ನಡ ಯಾಕೆ ಬರೆಯುತ್ತಾಳೆ? ‘ಸತ್ಯ’, ‘ಸತ್ತ’ ಎರಡನ್ನೂ ನಿಮ್ಮ ವಾಕ್ಯದಲ್ಲಿ ಹತ್ತಿರ ಹತ್ತಿರ ಇಡಿ. ಓದುವವರ ಕಿವಿ ಉಳಿದದ್ದನ್ನು ಮಾಡುತ್ತದೆ. ತುಳುವಿನಲ್ಲಿ ದೈವಗಳಿಗೇ ‘ಸತ್ಯೊಲು’ ಅಂತೇವೆ. ಆ ಪದ ನಮ್ಮ ಕಡೆಯವರಿಗೆ ಬರೀ ಪದ ಅಲ್ಲ.

ಹೀಬ್ರೂ ಬಲದಿಂದ ಎಡಕ್ಕೆ ಬರೆಯುವುದು. ಆಲೆಫ್ ಬಲತುದಿಯಲ್ಲಿ ಬರುತ್ತದೆ. ಅಜ್ಜಿ ಎದುರು ನಿಂತು ಅಳಿಸುವಾಗ ಕೈ ಯಾವ ಕಡೆ ಹೋಗುತ್ತದೆ ಅಂತ ಸರಿಯಾಗಿ ಬರೆಯಿರಿ.

ಕುಂಬಳೆಯ ಹಳೇ ಮಾಷ್ಟ್ರು

ಕುಲೆ ಅಂತ ಬರೆಯಬೇಡ ಮಗಾ.

ಕುಲೆ ನಮ್ಮ ಮನೆಯದ್ದು. ಯಾರ ಕುಲೆ ಅಂತ ನಮಗೆ ಗೊತ್ತು. ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುತ್ತೇವೆ. ಮದುವೆಯಾಗದೆ ಸತ್ತವರಿಗೆ ಮದುವೆಯನ್ನೂ ಮಾಡಿಸುತ್ತೇವೆ. ಕುಲೆ ದೂರ ಹೋಗಲಿ ಅಂತ ಅಲ್ಲ, ಹೊಟ್ಟೆ ತುಂಬಿ ಸಮಾಧಾನದಲ್ಲಿರಲಿ ಅಂತ. ದಿಬ್ಬುಕ್ ಹಾಗಲ್ಲ. ಅದು ಗುರುತೇ ಇಲ್ಲದವರ ಮೈಗೂ ಹೊಕ್ಕೀತು. ಹತ್ತು ಮಂದಿ ಗಂಡಸರು ಸೇರಿ, ಟಗರಿನ ಕೊಂಬು ಊದಿ, ನಿನ್ನ ಹೆಸರೇನು, ನೀನು ಮಾಡಿದ ಪಾಪವೇನು ಅಂತ ಬಾಯಿ ಬಿಡಿಸುತ್ತಾರೆ. ಕೊನೆಗೆ ಕಾಲಿನ ಕಿರುಬೆರಳಿನಿಂದ ಹೊರಗೆ ಹೋಗುತ್ತದೆ ಅಂತ ಅವರ ಕತೆಗಳಲ್ಲಿದೆ.

ಹೆಸರು ಸಾಲ ತರುವುದಕ್ಕಿಂತ ಕ್ರಿಯಾಪದ ಸರಿಯಾಗಿ ಆರಿಸು. ನಮ್ಮಲ್ಲಿ ದೈವ ಮೈಮೇಲೆ ‘ಬರುತ್ತದೆ’. ಕರೆದದ್ದಕ್ಕೆ ಬರುತ್ತದೆ, ಕೇಳಿದ್ದಕ್ಕೆ ನುಡಿ ಕೊಡುತ್ತದೆ. ದೆವ್ವ ‘ಹಿಡಿಯುತ್ತದೆ’, ‘ಮೆಟ್ಟುತ್ತದೆ’. ದಿಬ್ಬುಕ್ ಎಂಬ ಪದದ ಬೇರೇ ಅಂಟಿಕೊಳ್ಳುವುದು. ಹಾಗಾದರೆ ಅದು ‘ಅಂಟಿತು’ ಅಂತ ಬರೆ. ಕಾದಂಬರಿ ಉದ್ದಕ್ಕೂ ಆ ಒಂದೇ ಪದ. ಹಲಸಿನ ಮೇಣ ಅಂಟಿದ ಕೈ ಯಾರಿಗೆ ಗೊತ್ತಿಲ್ಲ?

ಗೋಲೆಮ್ ವಿಷಯ. ನೀನು ಹೆದರಿದ್ದು ಸರಿ. ಆ ಹೆದರಿಕೆ ಬಿಡಬೇಡ. ಗೋಲೆಮ್ ಮಾತಾಡದಿರುವುದು ಹಳೆಯದ್ದೇ: ಯಹೂದಿಗಳ ಧರ್ಮಗ್ರಂಥ ತಾಲ್ಮುದ್‌ನಲ್ಲಿ ರಾವಾ ಎಂಬ ಗುರು ಒಬ್ಬ ಮನುಷ್ಯನನ್ನು ಸೃಷ್ಟಿ ಮಾಡಿ ಇನ್ನೊಬ್ಬ ಗುರು, ರಬ್ಬಿ ಝೇರನ ಬಳಿಗೆ ಕಳಿಸುತ್ತಾನೆ. ಝೇರ ಮಾತಾಡಿಸಿದರೆ ಉತ್ತರವಿಲ್ಲ. ನಿನ್ನ ಮಣ್ಣಿಗೆ ಹಿಂದಿರುಗು ಅನ್ನುತ್ತಾನೆ. ಆದರೆ ರಕ್ತದ ಆಪಾದನೆಯಿಂದ ಜನರನ್ನು ಕಾಯುವ ಪ್ರಾಗ್‌ನ ಗೋಲೆಮ್ ಇದೆಯಲ್ಲ, ಆ ರೂಪ ಹಬ್ಬಿದ್ದು 1909ರಲ್ಲಿ ಒಬ್ಬ ರಬ್ಬಿ ಪ್ರಕಟಿಸಿದ ಕತೆಗಳಿಂದ. ನಿನ್ನ ಅಜ್ಜಿ 1882ರವಳು. ಅವಳಿಗೆ ಗೊತ್ತಿರುವ ಗೋಲೆಮ್ ನೀರು ಹೊರುವ, ಕಟ್ಟಿಗೆ ಒಡೆಯುವ ಆಳು. ಅದನ್ನು ಕೋರ್ಟಿಗೆ ಯಾಕೆ ಕಳಿಸುತ್ತಿ? ನೀರಿಗೆ ಕಳಿಸು.

ಉಪ್ಪಳ ಪೇಟೆ

ಬರವಣಿಗೆ ಚೆನ್ನಾಗಿದೆ ಅಕ್ಕ. ಆದರೂ ಕೇಳಲೇಬೇಕು. ಗುಳಿಗ, ಪಂಜುರ್ಲಿ, ಪೊಟ್ಟನ್ ತೆಯ್ಯಂ ಎಲ್ಲ ಇರುವ ಊರಲ್ಲಿ ಕೂತು ಹಂಗೇರಿ ಯಾಕೆ?

ಬಾಯಾರು ಗುಡ್ಡೆ

ಕೇಳಿದ್ದು ಒಳ್ಳೆಯದಾಯಿತು. ದೈವಗಳನ್ನು ಕತೆಗೆ ಎಳೆಯಲು ನನಗೆ ಮನಸ್ಸಿಲ್ಲ. ನಮ್ಮ ತರವಾಡಿನಲ್ಲಿ ಈಗಲೂ ನೇಮ ನಡೆಯುತ್ತದೆ, ಅದು ನನಗೆ ಫ್ಯಾಂಟಸಿ ಅಲ್ಲ.

ಮತ್ತೆ ಹಂಗೇರಿ. 1920ರ ಜೂನ್ 4ರ ತ್ರಿಯಾನೋ ಒಪ್ಪಂದದಲ್ಲಿ ಆ ದೇಶದ ಸುಮಾರು ಮೂರರಲ್ಲಿ ಎರಡು ಭಾಗ ನೆಲ ಹೋಯಿತು. ಮನೆ ಇದ್ದಲ್ಲೇ ಇತ್ತು, ದೇಶ ಬದಲಾಯಿತು. ಅದನ್ನು ಓದಿದ ದಿನ ನನ್ನ ಅಜ್ಜ, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಬಗ್ಗೆ ಹೇಳುತ್ತಿದ್ದ ಧ್ವನಿ ಕೇಳಿಸಿತು. ಎರಡೂ ನೋವು ಸಮ ಅಂತ ಹೇಳುತ್ತಿಲ್ಲ. ನನ್ನನ್ನು ಆ ನಕ್ಷೆಯ ಮುಂದೆ ಕೂರಿಸಿದ್ದು ಅದು. ಆಮೇಲೆ ಎಸ್ತೆರ್ ಸಿಕ್ಕಿದಳು. ಬಣ್ಣ ತರಲು ಹೋದ ಹುಡುಗಿಯನ್ನು ಎಲ್ಲರೂ ಉಪಯೋಗಿಸಿಕೊಂಡರು, ಯಾರೂ ಹುಡುಕಲಿಲ್ಲ ಅನಿಸಿತು. ಬಿಟ್ಟು ಬರಲು ಆಗಲಿಲ್ಲ.

ದೆಬ್ರೆತ್ಸೆನ್‌ನಲ್ಲಿ ಓದಿದವ

ನಾನು ಮಂಜೇಶ್ವರದವ. ಮೆಡಿಕಲ್ ಓದಿದ್ದು ಹಂಗೇರಿಯಲ್ಲಿ. ಮಾಷ್ಟ್ರು ಹೇಳಿದ ‘ನೀರಿಗೆ ಕಳಿಸು’ ಎಂಬ ಮಾತು ಓದಿ ಕೂಡಲೇ ಬರೆಯುತ್ತಿದ್ದೇನೆ.

ತಿಸಾದಲ್ಲಿ ಜೂನ್ ತಿಂಗಳಲ್ಲಿ ಒಂದು ಸಂಗತಿ ನಡೆಯುತ್ತದೆ. ಉದ್ದ ಬಾಲದ ಒಂದು ಜಾತಿಯ ಹುಳ, ಮೂರು ವರ್ಷ ದಡದ ಜೇಡಿಯೊಳಗೆ ಮರಿಯಾಗಿ ಇದ್ದು, ಒಂದು ಸಂಜೆ ಲಕ್ಷಗಟ್ಟಲೆ ರೆಕ್ಕೆ ಬಂದು ನೀರಿನ ಮೇಲೆ ಹಾರುತ್ತದೆ. ಜೊತೆ ಕೂಡಿ, ಮೊಟ್ಟೆ ಇಟ್ಟು, ಕೆಲವು ಗಂಟೆಯಲ್ಲಿ ಸಾಯುತ್ತದೆ. ‘ತಿಸಾ ಹೂವು’ ಅನ್ನುತ್ತಾರೆ. ನಮ್ಮಲ್ಲಿ ಮೊದಲ ಮಳೆಗೆ ಈಚಲು ಹುಳ ಏಳುವುದನ್ನು ನೂರು ಪಟ್ಟು ಮಾಡಿ, ಅದೂ ನದಿಯ ಮೇಲೆ. ನಿಮ್ಮ ಗೋಲೆಮ್ ಮಾಡಿದ್ದು ಅದೇ ಜೇಡಿಯಿಂದ. ತೆಪ್ಪದವರಿಗೆ ಹೆಣ ಸಿಕ್ಕಿದ್ದೂ ಜೂನ್‌ನಲ್ಲೇ.

ಇನ್ನೊಂದು. ಮಾಯೆಯನ್ನು ಯಹೂದಿ ಮನೆಗೆ ಮಾತ್ರ ಕೊಡಬೇಡಿ. ಹಂಗೇರಿಯ ಹಳ್ಳಿಗರದ್ದೇ ಬೇಕಾದಷ್ಟಿದೆ. ಹಲ್ಲು ಮೂಡಿಯೇ ಹುಟ್ಟಿದ ಮಗು ತಾಲ್ತೋಶ್ ಆಗುತ್ತದೆ, ಆತ್ಮದಲ್ಲಿ ಲೋಕ ಸುತ್ತಿ ಬರುತ್ತದೆ. ಕಪ್ಪು ಕೋಳಿಯ ಮೊಟ್ಟೆಯನ್ನು ಕಂಕುಳಲ್ಲಿಟ್ಟು ಕಾವು ಕೊಟ್ಟರೆ ಲಿದೇರ್ತ್ಸ್ ಹುಟ್ಟುತ್ತದೆ, ಹೇಳಿದ ಕೆಲಸ ಮಾಡಿಕೊಡುತ್ತದೆ. ಇಡೀ ಊರಿನ ಗೋಡೆಯೊಳಗೆ ಮಾಯೆ ಇದ್ದರೆ, ಒಂದೇ ಮನೆಗೆ ಬೆರಳು ತೋರಿಸುವುದು ಎಷ್ಟು ದೊಡ್ಡ ಮೋಸ ಅಂತ ಓದುವವರಿಗೇ ಕಾಣುತ್ತದೆ. ಕಾಲ್ಮಾನ್ ಎಂಬ ರಾಜ 1100ರ ಆಸುಪಾಸಿನಲ್ಲೇ, ರೂಪ ಬದಲಿಸುವ ಮಾಟಗಾತಿಯರು ಇಲ್ಲವೇ ಇಲ್ಲ, ಅದರ ವಿಚಾರಣೆ ಬೇಡ ಅಂತ ಕಾನೂನು ಮಾಡಿದ್ದ. 1728ರಲ್ಲಿ ಅದೇ ತಿಸಾ ದಡದ ಸೆಗೆದ್‌ನಲ್ಲಿ ಜನರನ್ನು ಮಾಟದ ಹೆಸರಲ್ಲಿ ಸುಟ್ಟರು. ಆ ಜಾಗಕ್ಕೆ ಈಗಲೂ ಮಾಟಗಾತಿಯರ ದ್ವೀಪ ಅಂತಲೇ ಹೆಸರು. ನಾನು ಅಲ್ಲಿ ನಡೆದಿದ್ದೇನೆ. ಮರ, ನೀರು, ಅಷ್ಟೇ.

1944ನ್ನು ಕತೆಯೊಳಗೆ ತರಬೇಡಿ, ಆದರೆ ತಿಳಿದುಕೊಂಡು ಬರೆಯಿರಿ. ಮೇ 15ರಿಂದ ಜುಲೈ 9ರ ಒಳಗೆ ಹಂಗೇರಿಯಿಂದ ಸುಮಾರು 4,37,000 ಯಹೂದಿಗಳನ್ನು ರೈಲಿನಲ್ಲಿ ತುಂಬಿ ಕಳಿಸಿದರು, ಹೆಚ್ಚಿನವರನ್ನು ನಾಜಿಗಳ ಹತ್ಯಾ ಶಿಬಿರ ಆಶ್ವಿಟ್ಜ್‌ಗೆ. ನಿಮ್ಮ ಅಜ್ಜಿಯ ಮೊಮ್ಮಕ್ಕಳು ಆಗ ಮುದುಕರು.

ಉಚ್ಚಾರಕ್ಕೆ ಒಂದು ಮಾತು. ಅವರು ಎಸ್ ಒಂದೇ ಬರೆದರೆ ‘ಶ’, ಎಸ್ ಜೊತೆ ಝಡ್ ಬಂದರೆ ‘ಸ’. ಹಾಗಾಗಿ ಬುಡಾಪೆಶ್ಟ್, ಆದರೆ ಎಸ್ತೆರ್. ನೀವು ಸರಿ ಬರೆದಿದ್ದೀರಿ. ಮನೆ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಶೋಯ್ಮೋಶಿ ಎಸ್ತೆರ್. ನಮ್ಮ ಕಯ್ಯಾರ ಕಿಞ್ಞಣ್ಣ ರೈಗಳ ಹಾಗೆ.

ಬಾಯಾರು ಗುಡ್ಡೆ

ಮಾಷ್ಟ್ರೇ, ಇವತ್ತು ಅಂಗಡಿ ಬೇಗ ಮುಚ್ಚಿದೆ. ಕೋರ್ಟಿನ ದೃಶ್ಯ ಪೂರ್ತಿ ತೆಗೆದೆ, 31 ಪುಟ. ಗೋಲೆಮ್ ಊರಿನವರ ಕಣ್ಣಿಗೆ ಬೀಳುವುದೇ ಇಲ್ಲ ಈಗ. ದಿನಾ ಕತ್ತಲೆಗೆ ಮೊದಲು ಎರಡು ಕೊಡ ಹಿಡಿದು ನದಿಗೆ ಹೋಗುತ್ತದೆ. ಹುಳಗಳು ಏಳುವ ಸಂಜೆ ಅದಕ್ಕೆ ಎಸ್ತೆರ್ ಸಿಗುತ್ತಾಳೆ. ಎಲ್ಲ ಗೊತ್ತು, ಹೇಳಲು ಬಾಯಿಲ್ಲ. ಅವಳನ್ನು ತೆಪ್ಪದ ದಾರಿಗೆ ತಂದು ಬಿಡುತ್ತದೆ, ಯಾರಾದರೂ ನೋಡಲಿ ಅಂತ.

ಅಜ್ಜಿ ಆಲೆಫ್ ಅಳಿಸುವುದು ಆ ರಾತ್ರಿಯೇ. ಯಾಕೆ ಅಂತ ಇನ್ನೂ ಬರೆಯುತ್ತಿದ್ದೇನೆ. ಬದಿಯಡ್ಕದ ಅಣ್ಣ, ಅವಳ ಕೈ ಎಡಕ್ಕೆ ಹೋಗುತ್ತದೆ ಅಂತ ಬರೆದಿದ್ದೆ. ಎದುರು ನಿಂತರೂ ಬಲತುದಿ ಅವಳಿಗೂ ಬಲವೇ ಅಲ್ವಾ ಅಂತ ಗೋಡೆಗೆ ಕಾಗದ ಅಂಟಿಸಿ ನೋಡಿದೆ. ಬಲಕ್ಕೇ. ತಿದ್ದಿದ್ದೇನೆ.

ದೆಬ್ರೆತ್ಸೆನ್‌ನವರೇ, ಆ ಹುಳ ಹಾರುವಾಗ ಸದ್ದು ಬರುತ್ತದಾ? ನದಿಗೆ ವಾಸನೆ ಇರುತ್ತದಾ? ನೆನಪಿದ್ದಷ್ಟು ಹೇಳಿ.