ಪದಚರ್ಚೆ: ಜಾಬ್‌ನ ‘ಆದ್ಯತೆ’, ಮೆಮೊರಿ ಪೂಲ್‌ನ ‘ಆದ್ಯತೆ’

ಮಾನ್ಯರೆ,

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ರಾತ್ರಿ ಪಾಳಿಯ ಆಪರೇಟರುಗಳಿಗಾಗಿ ಐಬಿಎಂ ಐ (ಐಬಿಎಂ ಕಂಪನಿಯ ಆಪರೇಟಿಂಗ್ ಸಿಸ್ಟಂ) ನಡೆಯುವ ಸರ್ವರಿನ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 1988ರಲ್ಲಿ ಎಎಸ್/400 ಎಂಬ ಹೆಸರಿನಿಂದ ಬಂದ ವ್ಯವಸ್ಥೆಯ ಇಂದಿನ ರೂಪವಿದು. ಹಳಬರ ಬಾಯಲ್ಲಿ ಇಂದಿಗೂ ಹಳೆಯ ಹೆಸರೇ ಇದೆ. ಮೆಮೊರಿ ಹಂಚಿಕೆಯ ಅಧ್ಯಾಯದಲ್ಲಿ ಪದಗಳು ತೊಡಕಾಗಿವೆ.

ಮೊದಲನೆಯದು ‘ಆದ್ಯತೆ’. ಈ ವ್ಯವಸ್ಥೆಯಲ್ಲಿ ಪ್ರಯಾರಿಟಿ ಎಂಬುದು ಎರಡು ಕಡೆ, ಎರಡು ಅರ್ಥದಲ್ಲಿ ಬರುತ್ತದೆ. ಪ್ರೊಸೆಸರ್ ಮೊದಲು ಯಾವ ಜಾಬ್‌ಗೆ, ಅಂದರೆ ಯಂತ್ರದಲ್ಲಿ ನಡೆಯುವ ಯಾವ ಕೆಲಸಕ್ಕೆ, ಸಿಗಬೇಕೆಂಬುದನ್ನು 1ರಿಂದ 99ರವರೆಗಿನ ಅಂಕಿ ನಿರ್ಧರಿಸುತ್ತದೆ. ಪರದೆಯ ಮುಂದೆ ಕುಳಿತವರ ಜಾಬ್‌ಗೆ ಸಾಮಾನ್ಯವಾಗಿ 20, ಸಂಬಳದ ಪಟ್ಟಿಯಂಥ, ಹಿನ್ನೆಲೆಯಲ್ಲಿ ತಾನಾಗಿ ನಡೆಯುವ ಬ್ಯಾಚ್ ಜಾಬ್‌ಗೆ 50. ವ್ಯವಸ್ಥೆ ತಾನಾಗಿ ಮೆಮೊರಿಯನ್ನು ಹೊಂದಿಸುವಾಗ ಯಾವ ಪೂಲ್‌ನ (ಜಾಬ್‌ಗಳಿಗೆಂದು ವಿಂಗಡಿಸಿಟ್ಟ ಮೆಮೊರಿಯ ಪಾಲಿನ) ಅಗತ್ಯವನ್ನು ಮೊದಲು ನೋಡಬೇಕೆಂಬುದನ್ನು 1ರಿಂದ 14ರವರೆಗಿನ ಬೇರೊಂದು ಅಂಕಿ ಹೇಳುತ್ತದೆ. ಇವೆರಡೂ ಒಂದನ್ನೊಂದು ಅವಲಂಬಿಸಿಲ್ಲ: ಒಳ್ಳೆಯ ಅಂಕಿಯಿರುವ ಜಾಬ್ ಕೂಡ ಇಕ್ಕಟ್ಟಾದ ಪೂಲ್‌ನಲ್ಲಿದ್ದರೆ, ಪುಟಗಳು (ಮೆಮೊರಿಗೆ ತಂದಿಡುವ ಮಾಹಿತಿಯ ತುಣುಕುಗಳು) ಡಿಸ್ಕ್‌ನಿಂದ ಬರುವುದನ್ನೇ ಕಾಯುತ್ತಿರುತ್ತದೆ. ಎರಡಕ್ಕೂ ‘ಆದ್ಯತೆ’ ಎಂದು ಬರೆದರೆ ಓದುವವರು ಒಂದರ ಬದಲು ಇನ್ನೊಂದನ್ನು ಮುಟ್ಟುತ್ತಾರೆ.

ಇದರ ಮೇಲೆ, ಎರಡರಲ್ಲೂ ಅಂಕಿ ಚಿಕ್ಕದಾದಷ್ಟೂ ಸ್ಥಾನ ದೊಡ್ಡದು. ಹೀಗಾಗಿ ‘ಆದ್ಯತೆಯನ್ನು ಹೆಚ್ಚಿಸಿ’ ಎಂಬ ವಾಕ್ಯವನ್ನು ಕರಡಿನಲ್ಲಿ ಓದಿದ ಆಪರೇಟರೊಬ್ಬರು 20 ಇದ್ದುದನ್ನು 30 ಮಾಡಬೇಕೆಂದು ತಿಳಿದರು. ಅವರ ಓದಿನಲ್ಲಿ ತಪ್ಪೇನೂ ಇಲ್ಲ. ಆದ್ದರಿಂದ ‘ಮುಂದಕ್ಕೆ ತನ್ನಿ, ಹಿಂದಕ್ಕೆ ಸರಿಸಿ’ ಎಂಬ ಕ್ರಿಯಾಪದಗಳನ್ನೇ ಬಳಸಿ, ಜಾಬ್‌ಗೆ ‘ಸರದಿ’, ಪೂಲ್‌ಗೆ ‘ಆದ್ಯತೆ’ ಎಂದು ಬೇರ್ಪಡಿಸುವ ಯೋಚನೆಯಿದೆ. ಆದರೆ ‘ಸರದಿ’ ಎಂದರೆ ಎಲ್ಲರಿಗೂ ಒಂದೊಂದು ಸಲ ತಪ್ಪದೆ ಬರುವ ಪಾಳಿ ಎಂಬ ಭಾವವಿದೆ. ಇಲ್ಲಿ ಚಿಕ್ಕ ಅಂಕಿಯವರು ಮತ್ತೆ ಮತ್ತೆ ಮುಂದೆ ನಿಲ್ಲುತ್ತಾರೆ. ಇದಕ್ಕಿಂತ ಹೊಂದುವ ಪದವುಂಟೇ?

ಎರಡನೆಯದು ಪೇಜ್ ಫಾಲ್ಟ್. ಇದಕ್ಕೆ ‘ಪುಟ ದೋಷ’ ಎಂಬುದನ್ನು ನಾನು ಒಪ್ಪಲಾರೆ. ಬೇಕಾದ ಪುಟ ಮೆಮೊರಿಯಲ್ಲಿಲ್ಲ, ಡಿಸ್ಕ್‌ನಿಂದ ತರಬೇಕು ಎಂಬುದಷ್ಟೇ ಅದರ ಅರ್ಥ; ಯಂತ್ರವೇನೂ ಕೆಟ್ಟಿರುವುದಿಲ್ಲ. ‘ಸೆಕೆಂಡಿಗೆ ಇಷ್ಟು ದೋಷ’ ಎಂದು ಓದಿದವರು ನಡುರಾತ್ರಿಯಲ್ಲಿ ದೂರವಾಣಿ ಮಾಡಿದರೆ ಆಶ್ಚರ್ಯವಿಲ್ಲ. ಹಾಜರಿ ಪುಸ್ತಕದಿಂದ ಎಲ್ಲರಿಗೂ ಗೊತ್ತಿರುವ ‘ಗೈರು’ ಇಲ್ಲಿ ಒಗ್ಗುತ್ತದೆಂದು ನನ್ನ ಎಣಿಕೆ: ‘ಪುಟ ಗೈರು’.

‘ಪೂಲ್’ ಅನ್ನು ಹಾಗೆಯೇ ಉಳಿಸಿದ್ದೇನೆ, ‘ಕೊಳ’ ಬೇಡ. ಆದರೆ ಮೆಮೊರಿಯನ್ನು ತಾನಾಗಿ ಹೊಂದಿಸುವ ಭಾಗಕ್ಕೆ ಹೆಸರು ಬೇಕು. ಇದನ್ನು ನಿಯಂತ್ರಿಸುವ ಕ್ಯುಪಿಎಫ್‌ಆರ್‌ಎಡಿಜೆ (QPFRADJ) ಎಂಬ ಸಿಸ್ಟಂ ಮೌಲ್ಯ 0 ಆಗಿದ್ದರೆ ಅದು ಸುಮ್ಮನಿರುತ್ತದೆ. 2 ಅಥವಾ 3 ಆಗಿದ್ದರೆ ಕೆಲಸ ನಡೆಯುತ್ತಿರುವಾಗಲೇ ಹಂಚಿಕೆಯನ್ನು ಬದಲಿಸುತ್ತದೆ. ರಾತ್ರಿ ಒಬ್ಬ ರೈತ ತನ್ನ ಗದ್ದೆಗೆ ತಿರುಗಿಸಿಕೊಂಡ ನೀರನ್ನು ಬೆಳಗ್ಗೆ ನೀರಗಂಟಿ ಮತ್ತೆ ಸರಿಪಡಿಸುವಂತೆ, ಹಂಚಿಕೊಂಡ (ಶೇರ್ಡ್) ಪೂಲ್‌ಗಳಲ್ಲಿ ನಾವು ಕೈಯಾರೆ ಮಾಡಿದ ಗಾತ್ರವನ್ನು ಅದು ಸ್ವಲ್ಪ ಹೊತ್ತಿಗೆ ಬದಲಿಸಿಬಿಡಬಹುದು. ನಮ್ಮ ಮಾತು ಉಳಿಯಬೇಕಾದರೆ ಪೂಲ್‌ನ ಕನಿಷ್ಠ, ಗರಿಷ್ಠ ಶೇಕಡಾ ಮಿತಿಗಳನ್ನೇ ನಿಗದಿಪಡಿಸಬೇಕು. ಇದನ್ನು ‘ಸ್ವಯಂ ಹೊಂದಿಕೆ’ ಎನ್ನುವುದೋ, ‘ಸ್ವಯಂ ಹಂಚಿಕೆ’ ಎನ್ನುವುದೋ? ಬಲ್ಲವರು, ವಿಶೇಷವಾಗಿ ಇಂಥ ಸರ್ವರುಗಳ ಮೇಲೆ ಕೆಲಸ ಮಾಡಿದವರು, ತಮ್ಮಲ್ಲಿ ಆಡುವ ಮಾತನ್ನೇ ತಿಳಿಸಬೇಕೆಂದು ಕೋರುತ್ತೇನೆ.