ಅಪ್‌ಡೇಟ್: ಆಫೀಸ್ 2010 ಕೊನೆಗೂ ತೆಗೆದೆ

"ಆಫೀಸ್ 2010 ಚೆನ್ನಾಗಿಯೇ ಓಡುತ್ತಿದೆ, ಸುಮ್ನೆ ಯಾಕೆ ಬದಲಾಯಿಸಬೇಕು?" ಎಂದು ಕೇಳಿದ್ದೆನಲ್ಲ. ಮೊದಲು ತೆಗೆಯಿರಿ ಎಂದವರೇ ಜಾಸ್ತಿ. ತೆಗೆದೆ.

ಮೈಕ್ರೋಸಾಫ್ಟ್ ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದು 2020ರ ಅಕ್ಟೋಬರ್ 13ಕ್ಕೆ. ಆಮೇಲೆ ಸಿಕ್ಕ ತೂತುಗಳನ್ನು ಮುಚ್ಚುವವರೇ ಇಲ್ಲ. ಆಂಟಿವೈರಸ್ ಇದೆಯಲ್ಲ ಎಂದುಕೊಂಡಿದ್ದೆ. ಆದರೆ 2017ರಲ್ಲಿ ಬಯಲಾದ ಈಕ್ವೇಶನ್ ಎಡಿಟರ್ (ಆಫೀಸ್‌ನೊಳಗೆ ಗಣಿತದ ಸಮೀಕರಣ ಬರೆಯುವ ಪ್ರೋಗ್ರಾಂ) ತೊಂದರೆ ಬಗ್ಗೆ ಓದಿದ ಮೇಲೆ ಧೈರ್ಯ ಉಳಿಯಲಿಲ್ಲ. ಮ್ಯಾಕ್ರೋ (ಫೈಲ್‌ನೊಳಗೆ ತಾನಾಗಿ ಕೆಲಸ ಮಾಡುವ ಪುಟ್ಟ ಕೋಡ್) ಆನ್ ಮಾಡುವುದೂ ಬೇಕಿರಲಿಲ್ಲ. ಮೇಲ್‌ನಲ್ಲಿ ಬಂದ ಫೈಲ್ ತೆರೆದರೆ ಸಾಕಿತ್ತು, ಕಳ್ಳರ ಕೋಡ್ ಓಡುತ್ತಿತ್ತು. ಆ ಪುಟ್ಟ ಪ್ರೋಗ್ರಾಂ 2000ನೇ ಇಸವಿಯದ್ದಂತೆ! 17 ವರ್ಷ ಸದ್ದಿಲ್ಲದೆ ಕೂತಿತ್ತು.

ಈಗ ಆಫೀಸ್‌ನಂಥದ್ದೇ ಇನ್ನೊಂದು ಸಾಫ್ಟ್‌ವೇರ್, ಲಿಬ್ರೆಆಫೀಸ್ ಹಾಕಿಕೊಂಡಿದ್ದೇನೆ. ಉಚಿತ. ಪತ್ರಗಳೆಲ್ಲ ಸರಿಯಾಗಿ ತೆರೆದವು. ಎಕ್ಸೆಲ್‌ನ ಎರಡು ಮ್ಯಾಕ್ರೋ ಮಾತ್ರ ಕೈಕೊಟ್ಟವು. ಅವುಗಳ ಕೆಲಸವನ್ನು ಫಾರ್ಮುಲಾಗಳಲ್ಲೇ ಮಾಡಿಕೊಂಡೆ. ಅರ್ಧ ದಿನ ಹೋಯಿತು, ಬೈದುಕೊಂಡೇ ಮಾಡಿದೆ ಬಿಡಿ. ಫೈಲ್‌ಗಳ ಬ್ಯಾಕಪ್ ಮೊದಲೇ ತೆಗೆದಿಟ್ಟಿದ್ದು ಒಳ್ಳೆಯದಾಯಿತು.

ಅಂದಹಾಗೆ, "ನನ್ನದು 2016, ನನಗೇನು ಭಯ" ಎಂದಿದ್ದಿರಲ್ಲ ಒಬ್ಬರು? ಅದಕ್ಕೂ, 2019ಕ್ಕೂ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿದಿದೆ.